ಪರದೆಗೆ ನಾವು ಹಚ್ಚಿದ ಕೆಲಸಗಳು

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಶಿಶುವಿಹಾರದಿಂದ ಬಂದ ಮೇಲೆ ಸಂಜೆಯವರೆಗೆ ಅವನು ಅಜ್ಜಿಯ ಜೊತೆ ಇರುತ್ತಾನೆ. ಮೊಬೈಲ್ ಎದುರಿಗಿಲ್ಲದೆ ಒಂದು ತುತ್ತೂ ಒಳಗೆ ಹೋಗುವುದಿಲ್ಲ. ಎಲ್ಲ ಸೇರಿ ದಿನಕ್ಕೆ ಮೂರು ನಾಲ್ಕು ಗಂಟೆ ನೋಡುತ್ತಾನೆ. ‘ಇನ್ನು ಐದೇ ನಿಮಿಷ’ ಎಂದು ಮೊದಲೇ ಹೇಳಿ ತೆಗೆದುಕೊಂಡರೂ ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ಬಚ್ಚಿಟ್ಟು ನೋಡಿದೆವು, ಕೆಟ್ಟುಹೋಗಿದೆ ಎಂದು ಸುಳ್ಳು ಹೇಳಿ ನೋಡಿದೆವು. ಒಮ್ಮೆ ಆರು ದಿನ ಪೂರ್ತಿ ನಿಲ್ಲಿಸಿದ್ದೆವು; ಏಳನೆಯ ದಿನ ಅವನ ಅಳು ನೋಡಲಾರದೆ ಅತ್ತೆಯವರು ಕೊಟ್ಟುಬಿಟ್ಟರು. ಈ ವಯಸ್ಸಿಗೆ ಎಷ್ಟು ಹೊತ್ತಾದರೆ ಪರವಾಗಿಲ್ಲ? ರಂಪವಿಲ್ಲದೆ ಕಡಿಮೆ ಮಾಡುವುದು ಹೇಗೆ? ಇಷ್ಟರಲ್ಲೇ ಅವನ ಮಿದುಳಿಗೆ ಹಾನಿಯಾಗಿಬಿಟ್ಟಿದೆಯೇ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನು ಮೊದಲು ಮುಗಿಸಿಬಿಡೋಣ. ಆ ಭಯ ಎದೆಯಲ್ಲಿ ಕುಳಿತಿರುವವರೆಗೆ ಬೇರೆ ಯಾವ ಮಾತೂ ಕಿವಿಗೆ ಇಳಿಯುವುದಿಲ್ಲ. ನಿಮ್ಮ ಮಗನ ಮಿದುಳಿಗೆ ಹಾನಿಯಾಗಿದೆ ಎಂದು ಹೇಳಲು ನಿಮ್ಮ ಪತ್ರದಲ್ಲಿ ಯಾವ ಕಾರಣವೂ ಇಲ್ಲ. ಹೆಚ್ಚು ಹೊತ್ತು ಪರದೆ ನೋಡುವ ಮಕ್ಕಳಲ್ಲಿ ನಿದ್ದೆ ಕಡಿಮೆ, ಮಾತು ಸ್ವಲ್ಪ ಹಿಂದೆ, ಸಿಟ್ಟು ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಎರಡು ಸಂಗತಿಗಳು ಜೊತೆಯಾಗಿ ಕಾಣುತ್ತವೆ ಎಂದಷ್ಟೇ ತೋರಿಸುತ್ತವೆ. ಹುಟ್ಟಿನಿಂದಲೇ ಹಟಮಾರಿಯಾದ, ನಿದ್ದೆ ಕಡಿಮೆಯಿರುವ ಮಗುವಿನ ಕೈಗೆ ದಣಿದ ತಾಯಿ ಮೊಬೈಲ್ ಕೊಡುವ ಸಂಭವವೂ ಹೆಚ್ಚೇ ಅಲ್ಲವೇ? ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ನಾಲ್ಕು ವರ್ಷದ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುವ ಮನೆ. ನಾನು ಕೇಳುವ ಪ್ರಶ್ನೆ ಬೇರೆ: ಆ ಮೂರು ನಾಲ್ಕು ಗಂಟೆಗಳು ಯಾವುದನ್ನು ಹೊರಗೆ ತಳ್ಳಿವೆ? ಓಟ, ಮಾತು, ನಿದ್ದೆ, ಏನೂ ಮಾಡಲು ತೋಚದೆ ಕುಳಿತು ಕೊನೆಗೆ ತಾನೇ ಒಂದು ಆಟ ಹೂಡುವ ಬೇಸರದ ಮಧ್ಯಾಹ್ನ. ಇವನ್ನೆಲ್ಲ ಮತ್ತೆ ಒಳಗೆ ಕರೆದುಕೊಳ್ಳಬಹುದು.

ಇನ್ನು ‘ಎಷ್ಟು ಹೊತ್ತು’. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1999ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ ಬೇಡ ಎಂದಿತ್ತು. 2016ರಲ್ಲಿ ಅದನ್ನು ತಿದ್ದಿ, ಹದಿನೆಂಟು ತಿಂಗಳವರೆಗೆ ವಿಡಿಯೊ ಕರೆ ಬಿಟ್ಟು ಬೇರೇನೂ ಬೇಡ, ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯೊಳಗೆ, ಅದೂ ಒಳ್ಳೆಯ ಕಾರ್ಯಕ್ರಮ, ಸಾಧ್ಯವಾದಷ್ಟೂ ದೊಡ್ಡವರ ಜೊತೆಗೆ ಎಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲೂ ಎರಡರಿಂದ ನಾಲ್ಕು ವರ್ಷದವರಿಗೆ ಅದೇ ಒಂದು ಗಂಟೆ. ಇನ್ನೂ ಕಡಿಮೆಯಾದರೆ ಇನ್ನೂ ಒಳ್ಳೆಯದು. ಹೀಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಒಂದು ಗಂಟೆ.

ಆದರೆ ಅದೇ ಮಾರ್ಗಸೂಚಿಯಲ್ಲಿ ಇನ್ನೆರಡು ಅಂಕಿಗಳಿವೆ. ಪತ್ರಿಕೆಗಳಲ್ಲಿ ಅವು ಅಷ್ಟಾಗಿ ಮೆರೆಯಲಿಲ್ಲ. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಓಡಾಟವಿರಬೇಕು. ನಿದ್ದೆ 10ರಿಂದ 13 ಗಂಟೆ. ನಾನು ತಂದೆತಾಯಿಯರಿಗೆ ಮೊದಲು ಈ ಎರಡನ್ನು ಲೆಕ್ಕ ಹಾಕಲು ಹೇಳುತ್ತೇನೆ. ಹನ್ನೊಂದು ಗಂಟೆ ನಿದ್ದೆ, ಮೂರು ಗಂಟೆ ಓಡಾಟ, ಶಿಶುವಿಹಾರ, ಸ್ನಾನ, ಊಟ ಎಲ್ಲ ತುಂಬಿದ ಮೇಲೆ ದಿನದಲ್ಲಿ ಉಳಿಯುವುದು ಎಷ್ಟು ಎಂದು ನೋಡಿ. ನಾಲ್ಕು ಗಂಟೆ ಪರದೆಗೆ ಅಲ್ಲಿ ಜಾಗವೇ ಇರುವುದಿಲ್ಲ. ಇವೆರಡೂ ಸರಿಯಾಗಿರುವ ಮಗು ಒಂದು ದಿನ ಒಂದೂಕಾಲು ಗಂಟೆ ನೋಡಿತೆಂದು ನಾನು ಗಾಬರಿಯಾಗುವವಳಲ್ಲ.

ನಿಮಿಷಗಳ ಲೆಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಎಲ್ಲ ಕಡೆಯೂ ಮಗನ ಹಟದ ಮಾತಿದೆ. ಮೊಬೈಲನ್ನು ಅವನ ಕೈಗೆ ಕೊಟ್ಟವರು ಯಾರು, ಏಕೆ ಎಂಬುದು ಇಲ್ಲ. ಇದು ನಿಮ್ಮ ಮೇಲಿನ ಆರೋಪವಲ್ಲ, ನನ್ನ ಬಳಿ ಬರುವ ಬಹುತೇಕ ಮನೆಗಳ ಕಥೆ ಹೀಗೆಯೇ ಶುರುವಾಗುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲಿ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ಮೂರು ದಿನ ಏನನ್ನೂ ಬದಲಿಸದೆ ಬರೆದುಕೊಂಡು ಬನ್ನಿ ಎನ್ನುತ್ತೇನೆ: ಎಷ್ಟು ಹೊತ್ತಿಗೆ, ಯಾರು ಕೊಟ್ಟರು, ಏಕೆ ಕೊಟ್ಟರು.

ಒಬ್ಬ ತಂದೆ ಹಳೆಯ ಡೈರಿಯೊಂದರ ಹಾಳೆ ಹರಿದು ತಂದಿದ್ದರು. ಪೆನ್ಸಿಲಿನ ಬರಹ. ‘7.20, ಹಲ್ಲುಜ್ಜಿಸಲು, ನಾನು. 7.50, ತಿಂಡಿ, ಅವಳು. 1.15, ಊಟ, ಅಮ್ಮ. 2.00, ಅಮ್ಮನಿಗೆ ಮಂಪರು. 4.30, ಸುಮ್ಮನೆ. 6.40, ನನಗೆ ಕಚೇರಿಯಿಂದ ಕರೆ. 8.10, ಊಟ. 9.15, ಮಲಗಿಸಲು.’ ಕೊನೆಯಲ್ಲಿ ‘ಮಗು ಕೇಳಿತೇ?’ ಎಂದು ಒಂದು ಕಂಬ ಎಳೆದಿದ್ದರು. ‘ಸುಮ್ಮನೆ’ ಎಂಬುದರ ಎದುರಿಗೆ ಮಾತ್ರ ‘ಹೌದು’ ಎಂದಿತ್ತು. ಉಳಿದ ಏಳು ಸಲವೂ ದೊಡ್ಡವರೇ ಕೊಟ್ಟದ್ದು. ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ‘ಇದನ್ನು ಬರೆಯುವವರೆಗೆ ಚಟ ಅವನಿಗೆ ಅಂದುಕೊಂಡಿದ್ದೆ’ ಎಂದರು.

ಅಂದರೆ ಪರದೆ ಆ ಮನೆಯಲ್ಲಿ ಎಂಟು ಕೆಲಸ ಮಾಡುತ್ತಿತ್ತು. ಅದು ಊಟ ಮಾಡಿಸುವ ಆಳು, ಕಾವಲುಗಾರ, ಜೋಗುಳ, ಅಳು ನಿಲ್ಲಿಸುವ ಔಷಧಿ. ಸಂಬಳವಿಲ್ಲದೆ ದುಡಿಯುವ ಇಂಥ ಆಳನ್ನು ಒಂದೇ ದಿನ ಕೆಲಸದಿಂದ ತೆಗೆದರೆ ಮನೆ ನಡೆಯುವುದಿಲ್ಲ. ನಿಮ್ಮ ಆರು ದಿನಗಳ ಪ್ರಯತ್ನ ಏಳನೆಯ ದಿನ ಕುಸಿದದ್ದು ಇದರಿಂದಲೇ ಹೊರತು ಅತ್ತೆಯವರ ಮನಸ್ಸು ಮೆದುವಾದದ್ದರಿಂದ ಅಲ್ಲ. ಒಂದೊಂದೇ ಕೆಲಸವನ್ನು ಅದರ ಕೈಯಿಂದ ಬಿಡಿಸಬೇಕು, ಒಂದು ವಾರಕ್ಕೆ ಒಂದರಂತೆ. ಸುಲಭವಾದದ್ದು ಮೊದಲು.

ಎಲ್ಲಕ್ಕಿಂತ ಸುಲಭವಾದದ್ದು ಯಾರೂ ನೋಡದ ಟಿವಿ. ಅದನ್ನು ಆರಿಸಿದರೆ ಮಗು ಅಳುವುದೂ ಇಲ್ಲ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ಜೊತೆ ಒಂದು ಗಂಟೆ ಬಿಟ್ಟರು. ಅದರಲ್ಲಿ ಅರ್ಧ ಗಂಟೆ ಕೋಣೆಯಲ್ಲಿ ದೊಡ್ಡವರ ರಸಪ್ರಶ್ನೆ ಕಾರ್ಯಕ್ರಮ ಓಡುತ್ತಿತ್ತು. ಮಕ್ಕಳಿಗೆ ಅದರಲ್ಲಿ ಅರ್ಥವಾಗುವಂಥದ್ದು ಏನೂ ಇರಲಿಲ್ಲ, ಆಗೊಮ್ಮೆ ಈಗೊಮ್ಮೆ ಕತ್ತೆತ್ತಿ ನೋಡುತ್ತಿದ್ದರಷ್ಟೇ. ಆದರೂ ಒಂದು ಆಟಿಕೆಯ ಮೇಲೆ ಅವರ ಗಮನ ನಿಲ್ಲುವ ಹೊತ್ತು ಕಡಿಮೆಯಾಯಿತು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಬೇಗ ಹಾರಿದರು. ಹಿಂದೆ ಟಿವಿ ಓಡುತ್ತಿರುವಾಗ ದೊಡ್ಡವರೂ ಮಕ್ಕಳ ಜೊತೆ ಕಡಿಮೆ ಮಾತಾಡುತ್ತಾರೆ. ಮನೆಯಲ್ಲಿ ಸದ್ದು ಬೇಕೆನಿಸಿದರೆ ರೇಡಿಯೊ ಹಾಕಿ, ಹಾಡು ಹಾಕಿ. ಅದೂ ಎಲ್ಲ ಹೊತ್ತೂ ಬೇಡ.

ಎರಡನೆಯ ವಾರ, ಮಲಗುವ ಹೊತ್ತು. ರಾತ್ರಿ ಮಲಗುವ ಒಂದು ಗಂಟೆ ಮೊದಲು ಎಲ್ಲ ಪರದೆಗಳಿಗೂ ರಜೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನ ಮೇಜಿನ ಮೇಲೆ ಆಡಲು ಬಿಟ್ಟು ನೋಡಿದರು. ನಿದ್ದೆಗೆ ಮೈಯನ್ನು ಅಣಿ ಮಾಡುವ ಮೆಲಟೊನಿನ್ ಸುಮಾರು 88 ಶೇಕಡಾ ಇಳಿದಿತ್ತು. ಬೆಳಕು ಆರಿಸಿ ಐವತ್ತು ನಿಮಿಷವಾದರೂ ಹೆಚ್ಚಿನ ಮಕ್ಕಳಲ್ಲಿ ಅದು ಮೇಲೇಳಲಿಲ್ಲ. ಇದು 2018ರ ಅಧ್ಯಯನ. ಮೊಬೈಲಿನ ಬೆಳಕು ಅಷ್ಟು ಪ್ರಖರವಲ್ಲ ಎಂಬುದನ್ನೂ ಹೇಳಬೇಕು, ಹತ್ತೇ ಮಕ್ಕಳು ಎಂಬುದನ್ನೂ. ಆದರೆ ಈ ವಯಸ್ಸಿನ ಕಣ್ಣು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು ಅದರಿಂದ ಗೊತ್ತಾಗುತ್ತದೆ. ಬೆಳಕಿನ ಮಾತು ಬಿಟ್ಟರೂ, ಮುಂದೇನಾಗುತ್ತದೋ ಎಂದು ಕಾತರಿಸುತ್ತಿರುವ ಮಗು ಹೇಗೆ ನಿದ್ದೆ ಹೋದೀತು? ದೀಪ ಮಂದ ಮಾಡಿ, ನಿತ್ಯ ಅದೇ ಕ್ರಮ ಇಟ್ಟುಕೊಳ್ಳಿ: ಹಲ್ಲು, ಬಟ್ಟೆ, ಪುಸ್ತಕ, ದೀಪ. ಚಾರ್ಜರ್ ಮಲಗುವ ಕೋಣೆಯಿಂದ ಹೊರಗಿರಲಿ, ನಿಮ್ಮದೂ ಸೇರಿದಂತೆ. ಈ ಬದಲಾವಣೆಯ ಫಲ ಬೇಗ ಕಾಣುತ್ತದೆ. ಚೆನ್ನಾಗಿ ಮಲಗಿ ಎದ್ದ ಮಗುವಿನ ಹಟ ಅರ್ಧಕ್ಕೆ ಇಳಿದಿರುತ್ತದೆ, ಮುಂದಿನ ವಾರಗಳಿಗೆ ಇದೇ ನಿಮ್ಮ ಬಂಡವಾಳ.

ಮೂರನೆಯದು ಊಟ. ಇಲ್ಲಿ ಕೈ ನಡುಗುವುದು ಮಗುವಿನದಲ್ಲ, ತಾಯಿಯದು. ‘ತಿನ್ನದಿದ್ದರೆ?’ ಪರದೆ ನೋಡುತ್ತ ಬಾಯಿ ತೆರೆಯುವ ಮಗುವಿಗೆ ತಾನೇನು ತಿನ್ನುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿತು ಎಂಬ ಸುದ್ದಿಯೂ ತಲೆಗೆ ಮುಟ್ಟುವುದಿಲ್ಲ. ಆರೋಗ್ಯವಾಗಿರುವ, ತೂಕ ಸರಿಯಾಗಿರುವ ನಾಲ್ಕು ವರ್ಷದ ಮಗು ನಾಲ್ಕು ದಿನ ಕಡಿಮೆ ತಿಂದರೆ ಏನೂ ಆಗುವುದಿಲ್ಲ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಅವನಿಗೆ ಬಿಡಿ. ತಟ್ಟೆಯಲ್ಲಿ ಕಡಿಮೆ ಹಾಕಿ, ಸ್ವಂತ ಕೈಯಿಂದ ತಿನ್ನಲಿ, ಚೆಲ್ಲಲಿ. ಯಾರಾದರೂ ಒಬ್ಬರು ಜೊತೆಗೆ ಕುಳಿತು ತಾವೂ ತಿನ್ನಿ. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಡಿ, ಬೈಗುಳವಿಲ್ಲದೆ. ಮಧ್ಯೆ ಮಧ್ಯೆ ‘ಏನೂ ತಿಂದಿಲ್ಲ ಪಾಪ’ ಎಂದು ಕೈಗೆ ಏನಾದರೂ ಕೊಡದಿದ್ದರೆ ಮುಂದಿನ ಊಟದ ಹೊತ್ತಿಗೆ ಹಸಿವು ತಾನಾಗಿ ಬಂದು ಕೂರುತ್ತದೆ. ತೂಕ ಮೊದಲಿನಿಂದಲೂ ಕಡಿಮೆಯಿದ್ದರೆ ಮಾತ್ರ ಇದನ್ನು ಶುರು ಮಾಡುವ ಮೊದಲು ಮಕ್ಕಳ ವೈದ್ಯರನ್ನು ಕಾಣಿ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ: ಆರಿಸುವ ಗಳಿಗೆ. ‘ಇನ್ನು ಐದೇ ನಿಮಿಷ’ ಎಂಬ ಮುನ್ಸೂಚನೆಯನ್ನು ನಾನೂ ಹಲವು ವರ್ಷ ಎಲ್ಲರಿಗೂ ಹೇಳಿಕೊಟ್ಟವಳೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 28 ಕುಟುಂಬಗಳಿಂದ ದಿನಚರಿ ಬರೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಆ ಸಲಹೆಯನ್ನು ತಲೆಕೆಳಗು ಮಾಡಿತು. ಮಕ್ಕಳೆಲ್ಲ ಒಂದರಿಂದ ಐದು ವರ್ಷದವರು. ‘ಇನ್ನೆರಡು ನಿಮಿಷ’ ಎಂದು ಎಚ್ಚರಿಸಿದಾಗ ರಂಪ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ಯೋಚಿಸಿದರೆ ಇದು ಸಹಜವೇ. ಗಡಿಯಾರ ಓದಲು ಬಾರದ ಮಗುವಿಗೆ ಐದು ನಿಮಿಷ ಎಂದರೆ ಏನು? ಅದಕ್ಕೆ ಕೇಳಿಸುವುದು ಇಷ್ಟೇ: ಅಮ್ಮ ಬರುತ್ತಿದ್ದಾಳೆ, ಕಸಿಯುತ್ತಾಳೆ, ಜಗಳಕ್ಕೆ ಸಿದ್ಧನಾಗು.

ಅದೇ ಅಧ್ಯಯನದಲ್ಲಿ ಸುಸೂತ್ರವಾಗಿ ಮುಗಿದ ಸಂದರ್ಭಗಳೂ ಇದ್ದವು. ಕಾರ್ಯಕ್ರಮ ತಾನಾಗಿ ಮುಗಿದಾಗ, ಬ್ಯಾಟರಿ ಅಥವಾ ಸಂಪರ್ಕ ಹೋದಾಗ, ‘ಇದಾದ ಮೇಲೆ ಅದು’ ಎಂಬ ನಿತ್ಯದ ಕ್ರಮ ಇದ್ದಾಗ ಮಕ್ಕಳು ಹೆಚ್ಚು ತಕರಾರಿಲ್ಲದೆ ಎದ್ದು ಹೋಗುತ್ತಿದ್ದರು. ಯಂತ್ರ ನಿಂತರೆ ಮಗು ಜಗಳವಾಡುವುದು ಯಾರ ಜೊತೆ? ಹಾಗಾಗಿ ನೀವು ಮಾಡಬೇಕಾದ್ದು ಅಂತ್ಯವನ್ನು ನಿಮ್ಮ ಕೈಯಿಂದ ಬಿಡಿಸಿ ಕಾರ್ಯಕ್ರಮದ ಕೈಗೆ ಕೊಡುವುದು.

ಮೊದಲು, ಈ ಲೇಖನ ಕೆಳಗಿಡುವ ಮುಂಚೆಯೇ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೊಪ್ಲೇ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆರಿಸಿ. ನಿಮ್ಮ ಮಗನಿಗೂ ನಿಮಗೂ ನಡುವಿನ ಹಗ್ಗಜಗ್ಗಾಟದಲ್ಲಿ ಅವನ ಕಡೆ ನಿಂತು ಎಳೆಯುತ್ತಿರುವುದು ಅದೇ. ಆಮೇಲೆ ನಿಮಿಷದ ಬದಲು ಕಥೆಯ ಲೆಕ್ಕ ಇಟ್ಟುಕೊಳ್ಳಿ: ‘ಇವತ್ತು ಎರಡು ಕಥೆ.’ ಯಾವ ಎರಡು ಎಂದು ಶುರುವಿಗೆ ಮೊದಲೇ ಅವನೇ ಆರಿಸಲಿ. ಎರಡನ್ನೂ ಮೊದಲೇ ಇಳಿಸಿಟ್ಟುಕೊಂಡು ಇಂಟರ್‌ನೆಟ್ ಆರಿಸಿಬಿಟ್ಟರೆ ಮೂರನೆಯದು ಇರುವುದೇ ಇಲ್ಲ. ಎರಡನೆಯ ಕಥೆ ಮುಗಿಯುತ್ತಿರುವಾಗ ದೂರದಿಂದ ಕೂಗದೆ ಪಕ್ಕಕ್ಕೆ ಬಂದು ಕುಳಿತುಕೊಳ್ಳಿ. ಅರ್ಧ ನಿಮಿಷ ನೀವೂ ನೋಡಿ. ‘ಆ ಆಮೆ ಮನೆಗೆ ಹೋಯಿತೇ?’ ಎಂದು ಕೇಳಿ. ಕಣ್ಣು ಪರದೆಯಿಂದ ನಿಮ್ಮ ಕಡೆ ತಿರುಗುವುದು ಆ ಪ್ರಶ್ನೆಯಿಂದ. ಮುಗಿದಾಗ ಆರಿಸುವ ಗುಂಡಿಯನ್ನು ಅವನೇ ಒತ್ತಲಿ. ಈ ವಯಸ್ಸಿನವರಿಗೆ ಗುಂಡಿ ಒತ್ತುವುದೇ ದೊಡ್ಡ ಅಧಿಕಾರ. ಮುಂದಿನ ಕೆಲಸ ಅಷ್ಟರಲ್ಲಿ ಕಣ್ಣೆದುರು ಸಿದ್ಧವಾಗಿರಬೇಕು, ಬಕೆಟ್‌ನಲ್ಲಿ ನೀರು, ಬಾಗಿಲಲ್ಲಿ ಚಪ್ಪಲಿ, ನೆಲದ ಮೇಲೆ ಬಣ್ಣದ ಪೆನ್ಸಿಲು. ‘ಆರಿಸು’ ಎಂದ ಮೇಲೆ ಎದುರಿಗೆ ಖಾಲಿ ಗೋಡೆಯಿದ್ದರೆ ಅವನು ಹಿಂದಿರುಗಿ ಪರದೆಯನ್ನೇ ನೋಡುತ್ತಾನೆ.

ಸಾಧ್ಯವಾದರೆ ಈ ಎರಡು ಕಥೆ ಟಿವಿಯಲ್ಲಿ ಆಗಲಿ, ಮೊಬೈಲಿನಲ್ಲಿ ಬೇಡ. ಟಿವಿ ಗೋಡೆಯದ್ದು, ಎಲ್ಲರದ್ದು, ದೂರದಲ್ಲಿರುತ್ತದೆ. ಮೊಬೈಲ್ ಅಂಗೈಯಲ್ಲಿ ಕುಳಿತು ‘ನನ್ನದು’ ಆಗಿಬಿಡುತ್ತದೆ, ಬೆರಳು ತಾಗಿದರೆ ಹೊಸದೊಂದು ಬರುತ್ತದೆ. ಒಂದು ಅಡಿ ದೂರದಲ್ಲಿ ಹಿಡಿದು ನೋಡುವುದು ಕಣ್ಣಿಗೂ ಒಳ್ಳೆಯದಲ್ಲ. ಅಂದಹಾಗೆ, ಸಮೀಪದೃಷ್ಟಿಯ ಭಯವಿದ್ದವರಿಗೆ ನಾನು ಕನ್ನಡಕದ ಬಗ್ಗೆ ಹೇಳುವ ಮೊದಲು ಅಂಗಳದ ಬಗ್ಗೆ ಹೇಳುತ್ತೇನೆ. ಹಗಲು ಬೆಳಕಿನಲ್ಲಿ ಹೊರಗೆ ಕಳೆದ ಹೊತ್ತು ಮಕ್ಕಳ ಕಣ್ಣನ್ನು ಕಾಯುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ದಿನಗಳಲ್ಲಿ ಅಳು ಇದ್ದೇ ಇರುತ್ತದೆ. ಅಳುವೇ ಇಲ್ಲದ ದಾರಿಯನ್ನು ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ. ನಿಮ್ಮ ಆರು ದಿನಗಳ ಕಥೆಯಲ್ಲಿ ಒಂದು ಪಾಠವಿದೆ. ಅಳು ಮೊದಲು ಫಲ ಕೊಡುತ್ತಿತ್ತು, ಈಗ ಕೊಡುತ್ತಿಲ್ಲ ಎಂದಾಗ ಮಗು ಅದನ್ನು ಬಿಟ್ಟುಬಿಡುವ ಮೊದಲು ಒಮ್ಮೆ ತಾರಕಕ್ಕೆ ಏರಿಸಿ ನೋಡುತ್ತದೆ. ಬಾಗಿಲು ತೆರೆಯದಿದ್ದಾಗ ನಾವು ಇನ್ನಷ್ಟು ಜೋರಾಗಿ ಬಡಿಯುವುದಿಲ್ಲವೇ, ಹಾಗೆ. ನೋಡುವವರಿಗೆ ಅದು ‘ಪರಿಸ್ಥಿತಿ ಕೈಮೀರುತ್ತಿದೆ’ ಎಂದು ಕಾಣುತ್ತದೆ, ನಿಜಕ್ಕೂ ಅದು ಮುಗಿಯುವ ಹಂತ. ಸರಿಯಾಗಿ ಆ ತುದಿಯಲ್ಲಿ ಕೊಟ್ಟುಬಿಟ್ಟರೆ ಮಗು ಕಲಿಯುವುದು ಇದು: ಇಷ್ಟು ಜೋರಾಗಿ, ಇಷ್ಟು ದಿನ ಅತ್ತರೆ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಫಲಿಸುವ ಅಳು ದಿನವೂ ಫಲಿಸುವ ಅಳುವಿಗಿಂತ ಗಟ್ಟಿ ಬೇರು ಬಿಡುತ್ತದೆ.

ಆದ್ದರಿಂದ ಕೊಡುವುದೇ ಆದರೆ ಅಳು ಶುರುವಾಗುವ ಮೊದಲೇ ಕೊಡಿ, ‘ಇವತ್ತು ಮೂರು ಕಥೆ’ ಎಂದು ನೀವಾಗಿಯೇ ಹೇಳಿ. ಒಮ್ಮೆ ‘ಇಲ್ಲ’ ಎಂದ ಮೇಲೆ ಇಲ್ಲ. ಅವನು ಹೊರಳಾಡುತ್ತಿರುವಾಗ ಉಪನ್ಯಾಸ ಬೇಡ, ಆ ಹೊತ್ತಿನಲ್ಲಿ ಕಿವಿ ಮುಚ್ಚಿರುತ್ತದೆ. ಪೆಟ್ಟಾಗುವ ವಸ್ತುಗಳನ್ನು ಸರಿಸಿ, ಕೈಗೆಟುಕುವ ದೂರದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ‘ಇನ್ನೂ ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂದಿದೆ’ ಎಂದು ಒಂದೇ ವಾಕ್ಯ, ಒಂದೇ ಸಲ. ಬಿಕ್ಕಳಿಕೆ ಇಳಿದಾಗ ತಾನಾಗಿ ಮಡಿಲಿಗೆ ಬರುತ್ತಾನೆ. ‘ನೋಡು, ಎಷ್ಟು ಅತ್ತೆ’ ಎಂದು ಹಂಗಿಸದೆ ನೀರು ಕೊಡಿ. ಮೊಬೈಲ್ ಕೆಟ್ಟಿದೆ ಎಂಬ ಸುಳ್ಳನ್ನು ಮಾತ್ರ ಮತ್ತೆ ಹೇಳಬೇಡಿ. ಹತ್ತು ನಿಮಿಷದಲ್ಲಿ ಅದೇ ಮೊಬೈಲಿನಲ್ಲಿ ನೀವು ಮಾತಾಡುವುದನ್ನು ಅವನು ನೋಡುತ್ತಾನೆ, ಆಮೇಲೆ ನಿಮ್ಮ ‘ಮುಗಿಯಿತು’ ಎಂಬ ಮಾತನ್ನೂ ನಂಬುವುದಿಲ್ಲ.

ಎಲ್ಲಕ್ಕಿಂತ ಕೊನೆಗೆ ಬಿಡಿಸಬೇಕಾದ ಕೆಲಸ, ಅಳು ನಿಲ್ಲಿಸುವ ಔಷಧಿ. ಬಿದ್ದು ಪೆಟ್ಟು ಮಾಡಿಕೊಂಡಾಗ, ಸೋತಾಗ, ಕಾಯಬೇಕಾದಾಗ ಮೊಬೈಲ್ ಕೊಟ್ಟರೆ ಅಳು ತಟ್ಟನೆ ನಿಲ್ಲುತ್ತದೆ, ಅದೇ ತೊಂದರೆ. 2022ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮೂರರಿಂದ ಐದು ವರ್ಷದ ಮಕ್ಕಳ 422 ಪೋಷಕರನ್ನು ಆರು ತಿಂಗಳು ಹಿಂಬಾಲಿಸಿತು. ಮಗುವನ್ನು ಸಮಾಧಾನಪಡಿಸಲು ಪದೇ ಪದೇ ಮೊಬೈಲ್ ಕೊಡುತ್ತಿದ್ದ ಮನೆಗಳಲ್ಲಿ, ಮುಖ್ಯವಾಗಿ ಗಂಡುಮಕ್ಕಳಲ್ಲಿ ಮತ್ತು ಮೊದಲೇ ಚುರುಕು ಸ್ವಭಾವದವರಲ್ಲಿ, ತಿಂಗಳುಗಳು ಕಳೆದಂತೆ ಭಾವನೆಗಳ ಏರುಪೇರು ಹೆಚ್ಚಿತ್ತು. ಸಿಟ್ಟು ಬರುವುದು, ಏರುವುದು, ಇಳಿಯುವುದು, ಇಷ್ಟನ್ನೂ ಮೈಯಲ್ಲಿ ಅನುಭವಿಸಿಯೇ ಮಗು ಅದನ್ನು ಪಳಗಿಸುತ್ತದೆ. ಪ್ರತಿ ಸಲವೂ ಮಧ್ಯದಲ್ಲೇ ತುಂಡರಿಸಿದರೆ ಇಳಿಯುವ ದಾರಿ ಕಲಿಯುವುದು ಎಲ್ಲಿ? ತಬ್ಬಿಕೊಳ್ಳುವುದು, ಹೊರಗೆ ಕರೆದೊಯ್ಯುವುದು, ತಣ್ಣೀರಿನಲ್ಲಿ ಕೈ ಆಡಿಸಲು ಬಿಡುವುದು ನಿಧಾನದ ಉಪಾಯಗಳೇ. ಇಲ್ಲಿ ಬೇಕಾದದ್ದೂ ಆ ನಿಧಾನವೇ.

ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ಅವರು ಒಂದೇ ಒಂದು ವಾಕ್ಯದಲ್ಲಿ ಬಂದು ಸೋತು ಹೋಗುತ್ತಾರೆ. ಆದರೆ ದಿನದ ಅತಿ ಕಷ್ಟದ ಹೊತ್ತನ್ನು ನಿಭಾಯಿಸುತ್ತಿರುವವರು ಅವರು: ಮಧ್ಯಾಹ್ನದ ಊಟ, ನಂತರದ ಮಂಪರು, ದಣಿದ ಮಗು. ಬೆಳಿಗ್ಗೆ ನಿಯಮ ಬರೆದಿಟ್ಟು ಕಚೇರಿಗೆ ಹೊರಡುವ ಸೊಸೆಗಿಂತ ಅದನ್ನು ಜಾರಿ ಮಾಡುವ ಅಜ್ಜಿಯ ಪಾಡು ದೊಡ್ಡದು. ಅವರನ್ನು ಕೂರಿಸಿಕೊಂಡು, ‘ನಿಮಗೆ ಯಾವ ಹೊತ್ತು ತೀರಾ ಕಷ್ಟ?’ ಎಂದು ಕೇಳಿ. ಎರಡು ಗಂಟೆಗೆ ಬೆನ್ನು ನೆಲಕ್ಕೆ ತಾಗಲೇಬೇಕು ಎಂದರೆ, ಅವನ ಎರಡು ಕಥೆಗಳನ್ನು ಆ ಹೊತ್ತಿಗೇ ಇಟ್ಟುಬಿಡಿ. ದಿನದ ಪಾಲು ಅಲ್ಲಿಗೆ ಮುಗಿಯಲಿ, ಸಂಜೆಯ ಹೊಣೆ ನಿಮ್ಮದು. ಅಜ್ಜಿಯ ಕೈಯಲ್ಲಿ ಒಂದೇ ನಿಯಮವಿರಲಿ, ಅದು ಅವರೇ ಒಪ್ಪಿಕೊಂಡದ್ದಾಗಿರಲಿ.

ಬದಲಿಗೆ ಏನು ಕೊಡುವುದು ಎಂದು ಎಲ್ಲರೂ ಕೇಳುತ್ತಾರೆ, ಕೇಳಿ ಅಂಗಡಿಯ ಆಟಿಕೆಗಳ ದೊಡ್ಡ ಪಟ್ಟಿ ನಿರೀಕ್ಷಿಸುತ್ತಾರೆ. ಏನೂ ಕೊಳ್ಳಬೇಡಿ. ನಾಲ್ಕು ವರ್ಷದವರಿಗೆ ಮನೆಗೆಲಸದಂಥ ಆಟವಿಲ್ಲ. ಒಣಗಿದ ಬಟ್ಟೆಗಳಲ್ಲಿ ಕಾಲುಚೀಲದ ಜೋಡಿ ಹುಡುಕುವುದು, ಚಮಚಗಳನ್ನು ಗಾತ್ರದ ಪ್ರಕಾರ ಜೋಡಿಸುವುದು, ಒದ್ದೆ ಬಟ್ಟೆಯಿಂದ ಕುರ್ಚಿಯ ಕಾಲು ಒರೆಸುವುದು. ನಿಮ್ಮ ಕೆಲಸ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಗೊತ್ತು. ಇನ್ನೊಂದು: ಕಚೇರಿಯಿಂದ ಬಂದ ಕೂಡಲೇ ಮೊದಲ ಹತ್ತು ನಿಮಿಷ, ಚೀಲ ಇಳಿಸುವ ಮೊದಲೇ, ನೆಲದ ಮೇಲೆ ಅವನ ಜೊತೆ ಕುಳಿತುಬಿಡಿ. ಆಟ ಅವನದ್ದು, ನೀವು ಹೇಳಿದ್ದನ್ನು ಕೇಳುವ ಪಾತ್ರಧಾರಿ. ಆ ಹತ್ತು ನಿಮಿಷ ಸಿಕ್ಕ ಮಗು ನಂತರದ ಅರ್ಧ ಗಂಟೆ ತನ್ನಷ್ಟಕ್ಕೆ ಆಡುವುದನ್ನು ಮನೆ ಮನೆಯಲ್ಲೂ ಕಂಡಿದ್ದೇನೆ. ಆಮೇಲೂ ‘ಬೇಜಾರು’ ಎಂದು ಬಂದರೆ, ‘ಹೌದಾ’ ಎಂದು ಸುಮ್ಮನಿರಿ. ಎಲ್ಲ ಬೇಸರವನ್ನೂ ನೀವೇ ಪರಿಹರಿಸಬೇಕಿಲ್ಲ.

ಏನು ನೋಡಬೇಕು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ಅದನ್ನು ನಂಬಬೇಡಿ. ನಿಧಾನಗತಿಯ, ಒಂದು ಕಥೆ ಹಿಡಿದು ಸಾಗುವ, ಪಾತ್ರಗಳು ನಿಂತು ಮಾತಾಡುವ ಕಾರ್ಯಕ್ರಮ ಆರಿಸಿ. 2011ರ ಒಂದು ಪ್ರಯೋಗದಲ್ಲಿ ನಾಲ್ಕು ವರ್ಷದ ಮಕ್ಕಳು ಕೇವಲ ಒಂಬತ್ತು ನಿಮಿಷ ಅತಿವೇಗದ ಕಾರ್ಟೂನ್ ನೋಡಿದ ಕೂಡಲೇ, ಗಮನ ಮತ್ತು ತಾಳ್ಮೆ ಬೇಡುವ ಪರೀಕ್ಷೆಗಳಲ್ಲಿ ಚಿತ್ರ ಬರೆಯುತ್ತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು. ಇದು ಆ ಗಳಿಗೆಯ ಪರಿಣಾಮ, ಶಾಶ್ವತವೆಂದು ಯಾರೂ ಹೇಳಿಲ್ಲ. ಆದರೆ ಶಿಶುವಿಹಾರಕ್ಕೆ ಹೊರಡುವ ಮುನ್ನ ಅಂಥದ್ದನ್ನು ತೋರಿಸದಿರಲು ಇಷ್ಟು ಸಾಕು. ದೂರದಲ್ಲಿರುವ ನೆಂಟರ ಜೊತೆಗಿನ ವಿಡಿಯೊ ಕರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ಕಡೆಯಿಂದ ಅವನ ಮಾತಿಗೆ ಉತ್ತರ ಬರುತ್ತದೆ, ಎರಡು ವರ್ಷದ ಮಕ್ಕಳೂ ಅದರಿಂದ ಹೊಸ ಪದ ಕಲಿಯಬಲ್ಲರು.

ನಿಮ್ಮ ಮೊಬೈಲಿನ ಬಗ್ಗೆ ಬೈಯುವುದಿಲ್ಲ, ಒಂದು ಸಣ್ಣ ಅಭ್ಯಾಸ ಮಾತ್ರ ಹೇಳುತ್ತೇನೆ. ಅವನೆದುರು ಮೊಬೈಲ್ ಎತ್ತಿಕೊಂಡಾಗಲೆಲ್ಲ ಏಕೆ ಎಂದು ಬಾಯಿಬಿಟ್ಟು ಹೇಳಿ. ‘ಅಪ್ಪ ಎಲ್ಲಿದ್ದಾರೆ ಎಂದು ಕೇಳುತ್ತೇನೆ’, ‘ನಾಳೆ ಮಳೆ ಬರುತ್ತದೆಯೇ ಎಂದು ನೋಡುತ್ತೇನೆ’. ನೋಡಿ ಕೆಳಗಿಡಿ. ದೊಡ್ಡವರ ಕೈಯಲ್ಲಿ ಅದು ಒಂದು ಕೆಲಸ ಮುಗಿಸಿ ಕೆಳಗಿಳಿಯುವ ವಸ್ತು ಎಂದು ಅವನಿಗೆ ಕಾಣುತ್ತದೆ. ಹೇಳಲು ಕಾರಣ ಸಿಗದೆ ನಾಲಗೆ ತಡವರಿಸಿದ ಸಲಗಳನ್ನು ನೀವೇ ಗಮನಿಸುತ್ತೀರಿ.

ಒಂದು ವಿಷಯದಲ್ಲಿ ಮಾತ್ರ ವಾರಗಟ್ಟಲೆ ಕಾಯಬೇಡಿ. ಹೆಸರು ಹಿಡಿದು ಕರೆದರೆ ಅವನು ತಿರುಗುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ನಾಲ್ಕೈದು ಪದಗಳ ವಾಕ್ಯ ಕಟ್ಟುವುದಿಲ್ಲ, ಮೊದಲು ಬರುತ್ತಿದ್ದ ಮಾತು ಈಗ ಹೋಗಿದೆ, ಬೇರೆ ಮಕ್ಕಳ ಆಟದಲ್ಲಿ ಆಸಕ್ತಿಯೇ ಇಲ್ಲ, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ‘ಮೊಬೈಲಿನಿಂದ ಹೀಗಾಗಿದೆ, ಬಿಡಿಸಿದರೆ ಸರಿಹೋಗುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಮೊಬೈಲನ್ನು ಬೈಯುತ್ತ ಒಂದು ವರ್ಷ ಕಳೆದು, ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದಾಗ ಶ್ರವಣದೋಷ ಗೊತ್ತಾದ ಮಗುವನ್ನು ನಾನು ಕಂಡಿದ್ದೇನೆ. ಶ್ರವಣ ಮತ್ತು ಬೆಳವಣಿಗೆಯ ತಪಾಸಣೆ ಮೊದಲು ಆಗಲಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ, ಆದರೆ ಇದನ್ನು ಓದುತ್ತಿರುವವರು ನೀವೊಬ್ಬರೇ ಅಲ್ಲವಲ್ಲ.

ಇನ್ನು ಜ್ವರ ಬಂದ ದಿನ, ದೂರದ ಪ್ರಯಾಣದ ದಿನ, ನಿಮಗೇ ತಲೆ ಎತ್ತಲಾಗದ ದಿನ ನಿಯಮ ಮುರಿಯುತ್ತದೆ. ಮುರಿಯಲಿ. ‘ಇವತ್ತು ಮೈ ಸರಿಯಿಲ್ಲ, ಅದಕ್ಕೆ ಜಾಸ್ತಿ ನೋಡುತ್ತಿದ್ದೇವೆ’ ಎಂದು ಕಾರಣ ಸಮೇತ ಹೇಳಿ ತೋರಿಸಿ. ಜ್ವರ ಬಿಟ್ಟ ಮರುದಿನ ಬೆಳಿಗ್ಗೆಯಿಂದಲೇ ಮತ್ತೆ ಎರಡು ಕಥೆ. ಅವತ್ತು ಅವನು ಖಂಡಿತ ಒಮ್ಮೆ ಕೇಳುತ್ತಾನೆ, ಬಹುಶಃ ಅಳುತ್ತಾನೆ, ಆದರೆ ಆ ಅಳು ಏಳು ದಿನ ನಡೆಯುವುದಿಲ್ಲ.